ಡಿಕ್ರಿ ಆದ ಮೇಲೆ ವಸೂಲಿಯ ಖರ್ಚನ್ನೂ ಬಾಕಿದಾರನಿಂದ ಪಡೆಯುವುದು ಹೇಗೆ?

ಕಲಬುರಗಿಯ ನೆಹರು ಗಂಜ್‌ನಲ್ಲಿ ಗೋಣಿಚೀಲ ಮಾರುವ ವ್ಯಾಪಾರಿಯೊಬ್ಬರು ಬೇಳೆ ಮಿಲ್ಲಿನ ಮಾಲೀಕರ ಮೇಲೆ ದಾವೆ ಹೂಡಿ, 60,000 ರೂಪಾಯಿಗೆ ಡಿಕ್ರಿ, ಅಂದರೆ ಹಣ ಕೊಡಬೇಕೆಂಬ ನ್ಯಾಯಾಲಯದ ತೀರ್ಪಿನ ಆದೇಶ, ಪಡೆದಿದ್ದಾರೆ ಎಂದಿಟ್ಟುಕೊಳ್ಳಿ. ಬಾಕಿದಾರ ತಾನಾಗಿ ಹಣ ಕಟ್ಟದಿದ್ದರೆ ಅಮಲ್ಜಾರಿ ಅರ್ಜಿ, ಅಂದರೆ ಡಿಕ್ರಿಯನ್ನು ಜಾರಿಗೊಳಿಸುವಂತೆ ಕೋರುವ ಅರ್ಜಿ, ಹಾಕಬೇಕು. ಅದರ ಕೋರ್ಟ್ ಶುಲ್ಕ, ನೋಟಿಸ್ ಜಾರಿಯ ಶುಲ್ಕ, ಜಪ್ತಿಯ ವೆಚ್ಚ ಎಲ್ಲವೂ ಮೊದಲು ಗೆದ್ದವರ ಕೈಯಿಂದಲೇ ಹೋಗುತ್ತವೆ. ಇದನ್ನು ಮರಳಿ ಪಡೆಯಲು ಅವಕಾಶವಿದೆ, ಆದರೆ ಕೇಳದೆ ಸಿಗುವುದಿಲ್ಲ.

ಮೊದಲು ಡಿಕ್ರಿಯ ದೃಢೀಕೃತ ನಕಲು ಪಡೆದು, ದಾವೆಯ ಖರ್ಚೆಂದು ಎಷ್ಟು ಮಂಜೂರಾಗಿದೆ, ಬಡ್ಡಿ ಯಾವ ದರದಲ್ಲಿದೆ ಎಂದು ನೋಡಿಕೊಳ್ಳಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 11ನೇ ನಿಯಮದಂತೆ ಅಮಲ್ಜಾರಿ ಅರ್ಜಿಯಲ್ಲಿ ಅಸಲು, ಬಡ್ಡಿ, ಮಂಜೂರಾದ ಖರ್ಚು ಮೂರನ್ನೂ ತೋರಿಸಬೇಕು. ಈ ಅರ್ಜಿಯ ಖರ್ಚನ್ನೂ ಕೊಡಿಸಬೇಕೆಂಬ ಕೋರಿಕೆಯನ್ನು ಅದರಲ್ಲೇ ಬರೆಸಿ. ಕಟ್ಟಿದ ಪ್ರತಿ ಶುಲ್ಕದ ರಸೀದಿಯನ್ನು ದಿನಾಂಕವಾರು ಜೋಡಿಸಿಡಿ. ವಕೀಲರಿಗೆ ನೀವು ಕೊಟ್ಟದ್ದೆಲ್ಲ ಬರುವುದಿಲ್ಲ, ನಿಯಮದಂತೆ ನ್ಯಾಯಾಲಯ ಒಪ್ಪಿದಷ್ಟು ಮಾತ್ರ ಲೆಕ್ಕಕ್ಕೆ ಸೇರುತ್ತದೆ.

ಜಪ್ತಿಗೆ ಮುಂದಾಗುವ ಮುನ್ನ ಬಾಕಿದಾರನ ಆಸ್ತಿ ಎಲ್ಲಿದೆ ಎಂದು ತಿಳಿಯಿರಿ; ಖರ್ಚು ಉಳಿತಾಯವಾಗುವುದು ಇಲ್ಲಿಯೇ. ಡಿಕ್ರಿಯ ಹಣ 30 ದಿನ ಸಂದಾಯವಾಗದಿದ್ದರೆ, ಆಸ್ತಿಯ ವಿವರವನ್ನು ಪ್ರಮಾಣಪತ್ರದಲ್ಲಿ ಸಲ್ಲಿಸುವಂತೆ ಬಾಕಿದಾರನಿಗೆ ಆದೇಶಿಸಲು ಅದೇ 21ನೇ ಆದೇಶದ 41ನೇ ನಿಯಮದಡಿ ಕೋರಬಹುದು. ರೈತನ ಎತ್ತು, ಬೇಸಾಯದ ಉಪಕರಣಗಳಂಥವಕ್ಕೆ ಸಂಹಿತೆಯ 60ನೇ ಕಲಂನಡಿ ರಕ್ಷಣೆಯಿರುವುದರಿಂದ ಅವುಗಳ ಜಪ್ತಿಗೆ ಓಡಾಡುವುದು ವ್ಯರ್ಥ. ಆಸ್ತಿ ಹುಮನಾಬಾದಿನಲ್ಲೋ ಶಹಾಪುರದಲ್ಲೋ ಇದ್ದರೆ ಡಿಕ್ರಿಯನ್ನು ಅಲ್ಲಿನ ನ್ಯಾಯಾಲಯಕ್ಕೆ ವರ್ಗಾಯಿಸಿಕೊಳ್ಳಬೇಕು.

ಜಪ್ತಿಯಾದ ಮೇಲೆ ಕಾನೂನು ಗೆದ್ದವರ ಕಡೆಗೇ ಇದೆ. ಡಿಕ್ರಿಯ ಮೊತ್ತದ ಜೊತೆಗೆ ಖರ್ಚು ಮತ್ತು ಜಪ್ತಿಯಿಂದಾದ ಎಲ್ಲ ವೆಚ್ಚವನ್ನು ನ್ಯಾಯಾಲಯದಲ್ಲಿ ಕಟ್ಟಿದರೆ ಜಪ್ತಿ ತೆರವಾಗುತ್ತದೆ ಎಂದು 55ನೇ ನಿಯಮ ಹೇಳುತ್ತದೆ. ಹರಾಜಿನ ಹೊತ್ತಿಗೆ ಹಣ ತಂದು ಹರಾಜು ನಿಲ್ಲಿಸಬೇಕೆಂದರೂ, 69ನೇ ನಿಯಮದಂತೆ ಹರಾಜಿನ ವೆಚ್ಚವನ್ನು ಸೇರಿಸಿಯೇ ಕೊಡಬೇಕು. ಜಪ್ತಿ ಮಾಡುವ ಕೋರ್ಟ್ ಸಿಬ್ಬಂದಿಯಾದ ಅಮೀನರು ಬಂದ ದಿನ ಬಾಕಿದಾರ ಅಸಲಿನ 60,000 ರೂಪಾಯಿಯನ್ನಷ್ಟೇ ಎಣಿಸಿಕೊಟ್ಟು 'ಮುಗೀತಲ್ಲ' ಎಂದರೆ ಒಪ್ಪಬೇಡಿ. ಶೇಕಡಾ 6ರ ಬಡ್ಡಿಯಿದ್ದರೂ ವರ್ಷಕ್ಕೆ 3,600 ರೂಪಾಯಿ ಅದರ ಮೇಲೆ ಬೆಳೆದಿರುತ್ತದೆ. ಭಾಗಶಃ ಹಣ ಬಂದಾಗ, ಡಿಕ್ರಿಯಲ್ಲಿ ಬೇರೆ ಸೂಚನೆ ಇಲ್ಲದಿದ್ದರೆ, ಅದು ಮೊದಲು ಬಡ್ಡಿ ಮತ್ತು ಖರ್ಚಿಗೆ, ನಂತರ ಅಸಲಿಗೆ ಜಮೆಯಾಗಬೇಕೆಂಬುದು ಸುಪ್ರೀಂ ಕೋರ್ಟ್ ಒಪ್ಪಿದ ಸಾಮಾನ್ಯ ನಿಯಮ.

ಹೆಚ್ಚಿನವರು ನಷ್ಟ ಮಾಡಿಕೊಳ್ಳುವುದು ಕೊನೆಯ ಹಂತದಲ್ಲಿ. ಹಣ ಪೂರ್ತಿ ಸಂದಾಯವಾಯಿತೆಂದು ನ್ಯಾಯಾಲಯಕ್ಕೆ ತಿಳಿಸುವ ಮೆಮೊಗೆ (ಲಿಖಿತ ಹೇಳಿಕೆಗೆ) ಸಹಿ ಹಾಕಿದರೆ ಅರ್ಜಿ ಮುಕ್ತಾಯವಾಗುತ್ತದೆ, ಖರ್ಚಿನ ಮಾತು ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ಸಹಿಗೆ ಮೊದಲೇ ರಸೀದಿಗಳ ಸಮೇತ ಲೆಕ್ಕದ ಪಟ್ಟಿ ಸಲ್ಲಿಸಿ, ಖರ್ಚಿನ ಬಗ್ಗೆ ಆದೇಶ ಪಡೆಯಿರಿ. ಆಸ್ತಿ ಸಿಗದೆ ಅರ್ಜಿ ಮುಚ್ಚಿಹೋದರೆ ಸಾಮಾನ್ಯವಾಗಿ ಡಿಕ್ರಿಯ ದಿನದಿಂದ 12 ವರ್ಷಗಳೊಳಗೆ ಹೊಸ ಅರ್ಜಿ ಹಾಕಬಹುದು. ಹಿಂದಿನ ಅರ್ಜಿಗಳ ದಿನಾಂಕ ಮತ್ತು ಫಲಿತಾಂಶವನ್ನು ಅದರಲ್ಲಿ ನಮೂದಿಸಬೇಕಾಗುವುದರಿಂದ ಹಳೆಯ ಕಾಗದಗಳನ್ನು ಜೋಪಾನವಾಗಿಡಿ.