ಟ್ರೋಫಿ ಆಮೇಲೆ, ಮೈದಾನದ ಕೀಲಿಕೈ ಮೊದಲು

ಡಿಸೆಂಬರ್ ಬಂತೆಂದರೆ ಮುಂಬಯಿಯ ನಮ್ಮ ಕನ್ನಡ ಸಂಘಗಳಲ್ಲಿ ಕ್ರೀಡೋತ್ಸವದ ಓಡಾಟ ಶುರು. ಒಂದು ಭಾನುವಾರಕ್ಕೆ ಮೈದಾನದ ಬಾಡಿಗೆ, ಶಾಮಿಯಾನ, ಹಗ್ಗಜಗ್ಗಾಟ, ಹೆಂಗಸರ ಥ್ರೋಬಾಲ್, ಮಕ್ಕಳಿಗೆ ನಿಂಬೆ-ಚಮಚದ ಓಟ, ಸಂಜೆ ಬಹುಮಾನ ವಿತರಣೆ. ಸೋಮವಾರ ಬೆಳಗಾದರೆ ಎಲ್ಲ ಖಾಲಿ. ಮುಂದಿನ ಡಿಸೆಂಬರಿನವರೆಗೆ ಆ ಮಕ್ಕಳ ಕಾಲಿಗೆ ಮಣ್ಣು ತಾಗುವುದಿಲ್ಲ. ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ, ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬೆವರುವ ಚಟುವಟಿಕೆ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇದಕ್ಕೆ ವರ್ಷದ ಒಂದು ಭಾನುವಾರ ಎಲ್ಲಿ ಸಾಕು?

ವರ್ಷವಿಡೀ ಆಟ ನಡೆಸುವುದು ಒಂದೇ ಸಂಘದ ಕೈಯಲ್ಲಿ ಆಗುವ ಕೆಲಸವಲ್ಲ. ಜಾಗ ಇರುವವರು, ಕಲಿಸುವವರು, ಹಣ ಕೊಡುವವರು, ಮಕ್ಕಳನ್ನು ಕರೆತರುವವರು, ಈ ನಾಲ್ವರೂ ಕೈಜೋಡಿಸಬೇಕು. ಹಲವು ಕಡೆ ಇಂಥ ಪ್ರಯತ್ನ ಆರಂಭವಾಗಿ ಆರೇ ತಿಂಗಳಲ್ಲಿ ಕುಸಿದದ್ದನ್ನು ಕಂಡಿದ್ದೇನೆ. ಕುಸಿದದ್ದು ಹಣ ಇಲ್ಲದೆ ಅಲ್ಲ, ಕ್ರಮ ತಪ್ಪಿ. ಕ್ರಮ ಹೀಗಿರಲಿ.

1. ಯಾರಿಗಾಗಿ ಎಂದು ಎಣಿಸಿ

ಸಂಘದ ಸದಸ್ಯರ ಪಟ್ಟಿ ಇಟ್ಟುಕೊಂಡು ಕೂರಬೇಡಿ, ಓಣಿಗೆ ಹೋಗಿ. ವಠಾರದಂಥ ಚಾಳಿನ ಮಕ್ಕಳು ಎಷ್ಟು, ಹೆಣ್ಣುಮಕ್ಕಳು ಎಷ್ಟು, ಅಂಗವಿಕಲರು ಯಾರಿದ್ದಾರೆ, ಯಾರಿಗೆ ಯಾವ ಹೊತ್ತು ಬಿಡುವು ಎಂದು ಬರೆದುಕೊಳ್ಳಿ. ಹೋಟೆಲ್ ಹುಡುಗರನ್ನು ಮರೆಯಲೇಬೇಡಿ. ಊಟದ ಗದ್ದಲ ಮುಗಿದು ಸಂಜೆಯ ಕಾಫಿ-ತಿಂಡಿ ಶುರುವಾಗುವ ನಡುವೆ, ಮಧ್ಯಾಹ್ನ ಮೂರರಿಂದ ಐದರವರೆಗೆ ಅವರಿಗೆ ಸಿಗುವುದೊಂದೇ ಬಿಡುವು. ಅದೇ ಹೊತ್ತಿನಲ್ಲಿ ನಗರದ ಎಷ್ಟೋ ಮೈದಾನಗಳು ಖಾಲಿ ಬಿದ್ದಿರುತ್ತವೆ.

2. ಹತ್ತಿರದ ಸಣ್ಣ ಜಾಗ ಹುಡುಕಿ

ಆಜಾದ್ ಮೈದಾನ, ಶಿವಾಜಿ ಪಾರ್ಕ್ ಎಂದು ಆಸೆಪಡಬೇಡಿ. ಮಗು ನಡೆದು ಹತ್ತು ನಿಮಿಷದಲ್ಲಿ ತಲುಪುವ ಜಾಗ ಬೇಕು. ರೈಲು ಹತ್ತಬೇಕಾದ ದಿನವೇ ಹೆಣ್ಣುಮಕ್ಕಳು ಬರುವುದು ನಿಲ್ಲುತ್ತದೆ. ಗಂಡಸರ ಕಬಡ್ಡಿಗೆ 13 ಮೀಟರ್ ಉದ್ದ 10 ಮೀಟರ್ ಅಗಲ, ಹೆಂಗಸರಿಗೆ 12 ಮತ್ತು 8, ವಾಲಿಬಾಲ್‌ಗೆ 18 ಮತ್ತು 9 ಸಾಕು. ಸುತ್ತ ಒಂದಿಷ್ಟು ಬಿಟ್ಟ ಜಾಗ ಇರಬೇಕು, ಗೋಡೆಗೆ ಒತ್ತಿ ಗೆರೆ ಎಳೆಯಬಾರದು. ಶಾಲೆಯ ಅಂಗಳ, ಹೌಸಿಂಗ್ ಸೊಸೈಟಿಯ ಹಿತ್ತಿಲು, ಸಂಘದ ಸಭಾಂಗಣ ಯಾವುದಾದರೂ ಆದೀತು. ನನ್ನನ್ನು ಕೇಳಿದರೆ ಶಾಲೆಯೇ ಉತ್ತಮ: ಗೇಟು, ನೀರು, ಶೌಚಾಲಯ ಮೂರೂ ಅಲ್ಲೇ ಇವೆ. ಪಾಲಿಕೆಯ ಶಾಲೆಯಾದರೆ ಮುಖ್ಯೋಪಾಧ್ಯಾಯರ ಒಪ್ಪಿಗೆ ಒಂದೇ ಸಾಲದು, ಶಿಕ್ಷಣ ಇಲಾಖೆಯ ಅನುಮತಿ ಕಾಗದದಲ್ಲೇ ಬೇಕು.

3. ನಿಮ್ಮ ಕಾಗದಪತ್ರ ಸರಿಮಾಡಿಕೊಳ್ಳಿ

ನೋಂದಣಿ, ಲೆಕ್ಕಪರಿಶೋಧನೆ, ಪ್ಯಾನ್, ದಾನಿಗಳಿಗೆ ತೆರಿಗೆ ವಿನಾಯಿತಿ ಕೊಡಿಸುವ 80ಜಿ. ಇವು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಬಿಡುವುದು ಒಂದನ್ನು: ಪದಾಧಿಕಾರಿಗಳು ಬದಲಾದರೆ 1950ರ ಮಹಾರಾಷ್ಟ್ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯಡಿ 90 ದಿನಗಳೊಳಗೆ ಚಾರಿಟಿ ಕಮಿಷನರ್ ಕಚೇರಿಗೆ ಬದಲಾವಣೆಯ ವರದಿ ಸಲ್ಲಿಸಬೇಕು. ಎರಡು ಚುನಾವಣೆ ಕಳೆದರೂ ಹಳೆಯ ಅಧ್ಯಕ್ಷರ ಹೆಸರೇ ದಾಖಲೆಯಲ್ಲಿದ್ದರೆ ಹಣ ಕೊಡಲು ಬಂದವರು ಹಿಂದೆ ಸರಿಯುತ್ತಾರೆ.

4. ಒಡಂಬಡಿಕೆಯನ್ನು ಬರೆಯಿರಿ

ಎಲ್ಲರೂ ಎಡವುವುದು ಇಲ್ಲೇ. "ನಮ್ಮವರೇ ಅಲ್ಲವೇ, ಬರೆಯೋದೇನು" ಎಂಬ ಮಾತು ಮೂರು ಕಡೆ ಆಟವನ್ನೇ ನಿಲ್ಲಿಸಿದ್ದನ್ನು ನೋಡಿದ್ದೇನೆ. ಉಪನಗರದ ಒಂದು ಶಾಲೆಯಲ್ಲಿ ನಾವು ಬಾಯಿಮಾತಿನ ಮೇಲೆ ವಾರಕ್ಕೆ ಮೂರು ಸಂಜೆ ಕಬಡ್ಡಿ ಶುರುಮಾಡಿದ್ದೆವು. ಮುಖ್ಯೋಪಾಧ್ಯಾಯರು ನಿವೃತ್ತರಾದರು, ಕಾವಲುಗಾರನೂ ಬದಲಾದ. ಒಂದು ಸಂಜೆ ಇಪ್ಪತ್ತೆರಡು ಮಕ್ಕಳು ಬೀಗ ಹಾಕಿದ ಗೇಟಿನ ಮುಂದೆ ನಿಂತಿದ್ದರು. ನಾನೂ ಅವರ ಜೊತೆ ನಿಂತಿದ್ದೆ. ಮತ್ತೆ ಅನುಮತಿ ಸಿಗುವಷ್ಟರಲ್ಲಿ ಎರಡು ತಿಂಗಳಾಯಿತು, ಮರಳಿ ಬಂದವರು ಒಂಬತ್ತೇ ಮಂದಿ. ಆ ಹದಿಮೂರು ಮಕ್ಕಳ ಮುಖ ಇಂದಿಗೂ ಕಣ್ಣ ಮುಂದಿದೆ.

ಆದ್ದರಿಂದ ಎರಡು ಪುಟದ ಕಾಗದ ಮಾಡಿ. ಅದು ಸಂಘ-ಶಾಲೆಗಳ ನಡುವಿನದಾಗಲಿ, ವ್ಯಕ್ತಿಗಳ ನಡುವಿನದಲ್ಲ. "ಸನ್ಮಾನ್ಯ ಇಂಥವರು" ಎಂದಲ್ಲ, "ಮುಖ್ಯೋಪಾಧ್ಯಾಯರು" ಎಂದು ಬರೆಯಿರಿ. ಒಂದು ಪ್ರತಿ ಮರಾಠಿಯಲ್ಲಿರಲಿ, ಏಕೆಂದರೆ ದಿನಾ ಅದನ್ನು ಓದಬೇಕಾದವನು ಗೇಟಿನ ಕಾವಲುಗಾರ.

ಮೊದಲ ಸಾಲು ಕೀಲಿಕೈ. ಗೇಟಿನ ಕೀಲಿ ಯಾರ ಬಳಿ, ಇನ್ನೊಂದು ಯಾರ ಬಳಿ, ಬೀಗ ಹಾಕುವುದು ಯಾರ ಹೊಣೆ. ಶೌಚಾಲಯದ ಕೀಲಿಯನ್ನು ಬೇರೆಯಾಗಿಯೇ ಬರೆಯಿರಿ. ಮೈದಾನ ತೆರೆದಿದ್ದು ಶೌಚಾಲಯ ಮುಚ್ಚಿದ್ದರೆ ಹದಿಮೂರು ದಾಟಿದ ಹುಡುಗಿಯರು ಒಂದೇ ವಾರದಲ್ಲಿ ಬಿಡುತ್ತಾರೆ. ಕೋಚ್ ಎಷ್ಟೇ ಒಳ್ಳೆಯವರಿದ್ದರೂ ಬಿಡುತ್ತಾರೆ.

ಆಮೇಲೆ ಹೊತ್ತು. "ಸಂಜೆ ಹೊತ್ತು" ಎಂದು ಬರೆಯಬೇಡಿ. ಸೋಮ, ಬುಧ, ಶುಕ್ರ 5ರಿಂದ 6.30 ಎಂದು ಬರೆಯಿರಿ. ಹುಡುಗಿಯರಿಗೆ ಮೀಸಲಾದ ಹೊತ್ತನ್ನು ಕಾಗದದಲ್ಲೇ ಕಟ್ಟಿಡಿ, ಮತ್ತು ಅದು ಬೆಳಕಿರುವ ಹೊತ್ತಾಗಿರಲಿ. ಹಂಚಿಕೊಂಡ ಮೈದಾನದಲ್ಲಿ ಕ್ರಿಕೆಟ್ ಆಡುವ ದೊಡ್ಡ ಹುಡುಗರು ಮೂರನೇ ದಿನಕ್ಕೆ ಇಡೀ ಜಾಗ ನುಂಗುತ್ತಾರೆ. ಇದನ್ನು ತಡೆಯುವುದು ಬರೆದಿಟ್ಟ ಗಂಟೆ ಮಾತ್ರ.

ಮೂರನೆಯದು ಮೈದಾನ ಸಿಗದ ದಿನಗಳು. ಪರೀಕ್ಷೆ, ಚುನಾವಣೆಗೆ ಶಾಲೆ ಕೊಟ್ಟ ದಿನ, ಗಣೇಶೋತ್ಸವದ ಮಂಟಪ ಹಾಕುವ ದಿನ ಯಾವುವು, ಎಷ್ಟು ದಿನ ಮೊದಲೇ ತಿಳಿಸಬೇಕು, ಬದಲಿ ಜಾಗ ಯಾವುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗೆ ಬೇರೆಯೇ ಒಂದು ಪರಿಚ್ಛೇದ ಬೇಕು. ಮುಂಬಯಿಯ ಕಾಂಗಾ ಲೀಗ್ ಪಂದ್ಯಾವಳಿಯ ಕ್ರಿಕೆಟಿಗರು 1948ರಿಂದ ಮಳೆಗಾಲದಲ್ಲೇ ಆಡುತ್ತ ಬಂದಿದ್ದಾರೆ, ನಿಜ. ಎಂಟು ವರ್ಷದ ಮಗುವನ್ನು ಕೆಸರಿನಲ್ಲಿ ಜಾರಲು ಬಿಡಲಾಗದು. ಸಭಾಂಗಣ ಇರುವ ಸಂಘವೊಂದನ್ನು ಈ ನಾಲ್ಕು ತಿಂಗಳಿಗೆಂದೇ ಪಾಲುದಾರರನ್ನಾಗಿ ಸೇರಿಸಿ. ಯೋಗ, ಹಗ್ಗದಾಟ, ಕೇರಮ್ಮಿನ ಬದಲು ಟೇಬಲ್ ಟೆನಿಸ್.

ನಾಲ್ಕನೆಯದು ಮಕ್ಕಳ ರಕ್ಷಣೆ. ಆಟದ ಹೊತ್ತಿನಲ್ಲಿ ಯಾವಾಗಲೂ ಇಬ್ಬರು ದೊಡ್ಡವರು, ಅವರಲ್ಲೊಬ್ಬರು ಹೆಂಗಸು. ಮಗುವನ್ನು ಒಬ್ಬರೇ ಕರೆದೊಯ್ಯುವಂತಿಲ್ಲ, ಖಾಸಗಿ ಸಂದೇಶ ಕಳಿಸುವಂತಿಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆ 18 ವರ್ಷದೊಳಗಿನ ಎಲ್ಲರಿಗೂ ಅನ್ವಯ. ದೌರ್ಜನ್ಯ ಗೊತ್ತಾದ ಮೇಲೆ ಪೊಲೀಸರಿಗೆ ತಿಳಿಸದಿರುವುದೂ ಅಪರಾಧ. "ಸಂಘದ ಮರ್ಯಾದೆ" ಎಂದು ಒಳಗೊಳಗೇ ಮುಗಿಸಲು ಯಾರಿಗೂ ಹಕ್ಕಿಲ್ಲ ಎಂದು ಇದೇ ಕಾಗದದಲ್ಲಿ ಬರೆಯಿರಿ.

ಕೊನೆಗೆ ಗಾಯ, ವಿಮೆ, ಹತ್ತಿರದ ಆಸ್ಪತ್ರೆ, ಸಾಮಾನು ಇಡುವ ಕಪಾಟು, ಬಿಟ್ಟುಹೋಗಬೇಕಾದರೆ ಎರಡು ತಿಂಗಳ ಮುನ್ಸೂಚನೆ. ಕಾಗದವನ್ನು ಲ್ಯಾಮಿನೇಟ್ ಮಾಡಿಸಿ ಕಾವಲುಗಾರನ ಕೋಣೆಯಲ್ಲಿ ತೂಗುಹಾಕಿ.

5. ಈಗ ಹಣ

ಕೀಲಿಕೈ ಕೈಗೆ ಬಂದ ಮೇಲೆಯೇ ಪ್ರಾಯೋಜಕರ ಬಾಗಿಲು ತಟ್ಟಿ. ಮೊದಲೇ ಹೋದರೆ ಅವರು ಬ್ಯಾನರ್ ಕೇಳುತ್ತಾರೆ, ನೀವು ಟೂರ್ನಮೆಂಟ್ ಮಾಡುತ್ತೀರಿ, ಮಾರ್ಚ್‌ನಲ್ಲಿ ಬಂದ ಹಣ ಏಪ್ರಿಲ್‌ನಲ್ಲಿ ಟ್ರೋಫಿಯಾಗಿ ಕಪಾಟು ಸೇರುತ್ತದೆ.

ದೊಡ್ಡ ಕಂಪನಿಗಳ ಸಿಎಸ್ಆರ್ (ಸಾಮಾಜಿಕ ಹೊಣೆಗಾರಿಕೆಯ) ಹಣಕ್ಕೂ ಇದೇ ಮಾತು. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ವ್ಯಾಪ್ತಿಗೆ ಬರುವ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚುಮಾಡಬೇಕು. ಏಳನೇ ಅನುಸೂಚಿಯಲ್ಲಿ ಕ್ರೀಡೆಯೂ ಇದೆ, ಆದರೆ ಅಲ್ಲಿನ ಪದವನ್ನು ಗಮನಿಸಿ: ಗ್ರಾಮೀಣ, ರಾಷ್ಟ್ರೀಯ ಮಾನ್ಯತೆಯ, ಪ್ಯಾರಾಲಿಂಪಿಕ್ ಮತ್ತು ಒಲಿಂಪಿಕ್ ಕ್ರೀಡೆಗಳ "ತರಬೇತಿ". ತಮ್ಮ ಸರಕಿನ ಪ್ರಚಾರಕ್ಕಾಗಿ ಕೊಟ್ಟ ಪ್ರಾಯೋಜಕತ್ವ ಸಿಎಸ್ಆರ್ ಲೆಕ್ಕಕ್ಕೆ ಬರುವುದಿಲ್ಲ. ವರ್ಷವಿಡೀ ನಡೆಯುವ ತರಬೇತಿ, ಹಾಜರಿ ಪುಸ್ತಕ, ಬರೆದ ಒಡಂಬಡಿಕೆ ನಿಮ್ಮ ಕೈಯಲ್ಲಿದ್ದರೆ ಮಾತ್ರ ನೀವು ಕೇಳಲು ಅರ್ಹರು. 1 ಏಪ್ರಿಲ್ 2021ರಿಂದ ಇಂಥ ಹಣ ಪಡೆಯುವ ಸಂಸ್ಥೆ ಸಿಎಸ್ಆರ್-1 ನಮೂನೆಯಲ್ಲಿ ನೋಂದಾಯಿಸಿಕೊಂಡಿರಬೇಕು.

ಸಣ್ಣ ಸಂಘಗಳಿಗೆ ನನ್ನ ಸಲಹೆ ಇನ್ನೂ ನೇರ: ನಿಮ್ಮ ಓಣಿಯ ಹೋಟೆಲಿನವರನ್ನು ಕೇಳಿ, ಒಂದೇ ಸಲ ಐವತ್ತು ಸಾವಿರ ಬೇಡ, ತಿಂಗಳಿಗೆ ಮೂರು ಸಾವಿರ ಕೊಡಿ ಎನ್ನಿ. ಜೊತೆಗೆ ಅವರ ಹುಡುಗರಿಗೆ ಮಧ್ಯಾಹ್ನದ ಬಿಡುವು ಕೊಡಿ ಎಂದೂ ಕೇಳಿ. ಎರಡನೆಯದೇ ದೊಡ್ಡ ದೇಣಿಗೆ.

6. ಕೋಚ್‌ಗೆ ಸಂಬಳ

ಪ್ರತಿ ತಿಂಗಳು 5ನೇ ತಾರೀಕಿಗೆ, ಬ್ಯಾಂಕಿನ ಮೂಲಕ. ಸೇವೆ ಎಂದು ಬಿಟ್ಟಿ ದುಡಿಸಿದರೆ ಆತ ಮೂರು ತಿಂಗಳಲ್ಲಿ ಬೇರೆ ಕೆಲಸ ಹಿಡಿಯುತ್ತಾನೆ, ತಪ್ಪು ಅವನದಲ್ಲ. ಕೋಚ್ ಹುಡುಕುವವರು ಒಂದು ಸಂಜೆ ಶಿವಾಜಿ ಪಾರ್ಕಿನ ಸಮರ್ಥ ವ್ಯಾಯಾಮ ಮಂದಿರಕ್ಕೆ ಹೋಗಿ ಮಲ್ಲಕಂಬ ಏರುವ ಮಕ್ಕಳನ್ನು ನೋಡಬೇಕು. ಅಲ್ಲಿ ದಶಕಗಳ ಕಾಲ ಕಲಿಸಿದ, 2024ರಲ್ಲಿ ಪದ್ಮಶ್ರೀ ಪಡೆದ ಉದಯ್ ದೇಶಪಾಂಡೆ ದೃಷ್ಟಿಹೀನ ಮಕ್ಕಳಿಗೂ ಮಲ್ಲಕಂಬ ಕಲಿಸಿದವರು. "ನಮ್ಮಲ್ಲಿ ಅಂಗವಿಕಲರಿಗೆ ಆಗುವುದಿಲ್ಲ" ಎನ್ನುವ ಸಮಿತಿಗಳು ಇದನ್ನು ನೆನಪಿಟ್ಟುಕೊಳ್ಳಲಿ. ಅವರ ಆಟದ ಹಕ್ಕನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 30ನೇ ಕಲಮು ಎತ್ತಿಹಿಡಿದಿದೆ.

ಸಾಮಾನಿನ ವಿಷಯ. ಒಂದಕ್ಕೊಂದು ಸಿಕ್ಕಿಸುವ ತೆಳ್ಳನೆಯ ಫೋಮ್ ಚಾಪೆ ಕಬಡ್ಡಿಗೆ ಕೊಳ್ಳಲೇಬೇಡಿ. ದಾಳಿಗಾರ ಕಾಲು ಊರಿದೊಡನೆ ಜೋಡಣೆ ಬಿಚ್ಚಿ ಪಾದ ಉಳುಕುತ್ತದೆ. ದಪ್ಪ ಮ್ಯಾಟ್‌ಗೆ ಹಣವಿಲ್ಲವೇ, ಕೆಮ್ಮಣ್ಣು ತರಿಸಿ, ಜರಡಿ ಹಿಡಿದು ಕಲ್ಲು ತೆಗೆದು, ನೀರು ಚಿಮುಕಿಸಿ. ಊರಿನಲ್ಲಿ ನಾವೆಲ್ಲ ಆಡಿದ್ದು ಅದರಲ್ಲೇ. ಎಂಟರಿಂದ ಹನ್ನೆರಡು ವರ್ಷದವರಿಗೆ 4ನೇ ಅಳತೆಯ ಫುಟ್‌ಬಾಲ್ ಕೊಡಿ, ದೊಡ್ಡವರ 5 ಬೇಡ. ಟೀಶರ್ಟ್ ಮೊದಲ ವರ್ಷ ಬೇಡವೇ ಬೇಡ.

7. ಹಾಜರಿ, ನವೀಕರಣ

ಬಂದವರ ಹೆಸರು ದಿನಾ ಬರೆಯಿರಿ, ಹುಡುಗಿಯರದನ್ನು ಬೇರೆ ಬಣ್ಣದ ಶಾಯಿಯಲ್ಲಿ. ಅವರ ಸಾಲು ತೆಳುವಾಗುತ್ತಿದ್ದರೆ ಆ ವಾರವೇ ಮನೆಗೆ ಹೋಗಿ ಕೇಳಿ. ಒಡಂಬಡಿಕೆ ಏಪ್ರಿಲ್‌ನಲ್ಲಿ ಮುಗಿಯುವುದಾದರೆ ಫೆಬ್ರವರಿಯಲ್ಲೇ, ಪರೀಕ್ಷೆಯ ಗಡಿಬಿಡಿಗೆ ಮೊದಲೇ, ಶಾಲೆಗೆ ಹೋಗಿ ನವೀಕರಣ ಕೇಳಿ. ಹೋಗುವಾಗ ಹೂಗುಚ್ಛ, ಶಾಲು ಬೇಡ. ಆ ಹಾಜರಿ ಪುಸ್ತಕವನ್ನೂ, ಅದರಲ್ಲಿ ಹೆಸರಿರುವ ಇಬ್ಬರು ಮಕ್ಕಳನ್ನೂ ಜೊತೆಗೆ ಕರೆದೊಯ್ಯಿರಿ.