ಮಳೆ ಒಂದು ಕಡೆ, ಹಸಿರು ಇನ್ನೊಂದು ಕಡೆ

ಆಫ್ರಿಕಾದಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ಗಿಡಮರ, ಹುಲ್ಲು ಎಲ್ಲೆಲ್ಲಿ ಎಷ್ಟು ಹುಲುಸಾಗಿ ಬೆಳೆದಿವೆ? ಅದರಲ್ಲಿ ಮಳೆಯ ಪಾಲೆಷ್ಟು, ನೆಲದ ಏರುತಗ್ಗಿನ ಪಾಲೆಷ್ಟು? ಈ ಲೆಕ್ಕವನ್ನು ನಾನು ಮೈಸೂರಿನ ಮನೆಯಲ್ಲೇ ಕೂತು ಹಾಕಿದೆ. ಉಪಗ್ರಹದ ಚಿತ್ರಗಳ ಮೇಲೆ ಲೆಕ್ಕ ಹಾಕಲು ಬಿಡುವ ಗೂಗಲ್ ಅರ್ಥ್ ಎಂಜಿನ್ ಕಲಿಕೆ, ಸಂಶೋಧನೆಗೆ ಉಚಿತ. ಲೆಕ್ಕವೆಲ್ಲ ಅವರ ಕಂಪ್ಯೂಟರ್‌ಗಳಲ್ಲೇ ನಡೆಯುವುದರಿಂದ ಹಳೇ ಲ್ಯಾಪ್‌ಟಾಪ್ ಸಾಕಾಯಿತು.

ಹಸಿರಿಗೆ ನಾಸಾದ ಟೆರ್ರಾ ಉಪಗ್ರಹದಲ್ಲಿರುವ ಮೋಡಿಸ್ ಎಂಬ ಉಪಕರಣದ ಡೇಟಾ ತೆಗೆದುಕೊಂಡೆ. ಅದು 2000ದಿಂದ ಸಿಗುತ್ತದೆ, 16 ದಿನಕ್ಕೊಂದು ಚಿತ್ರ, ಚಿತ್ರದ ಒಂದೊಂದು ಚೌಕ, ಅಂದರೆ ಪಿಕ್ಸೆಲ್, 250 ಮೀಟರಿನದು. ಮಳೆಗೆ ಚಿರ್ಪ್ಸ್ ಎಂಬ ಮಳೆ ಡೇಟಾ, ಪಿಕ್ಸೆಲ್ ಸುಮಾರು 5 ಕಿ.ಮೀ. ಎತ್ತರಕ್ಕೆ 2000ದ ಫೆಬ್ರವರಿಯಲ್ಲಿ ಎಂಡೇವರ್ ನೌಕೆ ರೇಡಾರ್‌ನಿಂದ ಅಳೆದ ಎಸ್‌ಆರ್‌ಟಿಎಂ ಎಂಬ ಎತ್ತರದ ಡೇಟಾ. ಹಸಿರನ್ನು ಸಂಖ್ಯೆಯಲ್ಲಿ ಹೇಳುವ ಅಳತೆಗಳಲ್ಲಿ ಎಲ್ಲರೂ ಬಳಸುವ ಎನ್‌ಡಿವಿಐ ಬಿಟ್ಟು ನಾನು ಇವಿಐ ಆರಿಸಿಕೊಂಡೆ. ಕಾಂಗೋದಂಥ ದಟ್ಟ ಕಾಡಿನಲ್ಲಿ ಎನ್‌ಡಿವಿಐ ಒಂದು ಮಟ್ಟಕ್ಕೆ ಹೋಗಿ ನಿಂತುಬಿಡುತ್ತದೆ. ಆಮೇಲೆ ಕಾಡು ಇನ್ನೆಷ್ಟು ದಟ್ಟವಾದರೂ ಸಂಖ್ಯೆ ಅಷ್ಟಾಗಿ ಏರುವುದಿಲ್ಲ.

ಖಂಡಕ್ಕೆ ಕೈ ಹಾಕುವ ಮೊದಲು ಕೋಡನ್ನು ಮಂಡ್ಯ ಜಿಲ್ಲೆಯ ಮೇಲೆ ಓಡಿಸಿ ನೋಡಿದೆ. ಗೊತ್ತಿರುವ ಜಾಗದಲ್ಲಿ ಫಲಿತಾಂಶ ಸರಿಯೋ ತಪ್ಪೋ ಕಣ್ಣಿಗೇ ಹೊಳೆಯುತ್ತದೆ, ಅಲ್ವಾ? ಇಲ್ಲಿ ವರ್ಷಕ್ಕೆ 700 ಮಿ.ಮೀ. ಆಸುಪಾಸು ಮಳೆ. ಆದರೆ ಮಾರ್ಚ್ ತಿಂಗಳ ಚಿತ್ರದಲ್ಲಿ ವಿಶ್ವೇಶ್ವರಯ್ಯ ನಾಲೆಯ ಬಯಲು ಕಬ್ಬು, ಭತ್ತದಿಂದ ಹಸಿರೋ ಹಸಿರು. ನಾಗಮಂಗಲದ ಕಡೆಯ ರಾಗಿ ಹೊಲಗಳು ಬೋಳು. ಕೊಡಗಿನಲ್ಲಿ ಮಳೆ ಹಿಡಿದರೆ ಕನ್ನಂಬಾಡಿ ತುಂಬುತ್ತದೆ, ಆ ನೀರು ಮಂಡ್ಯದ ಗದ್ದೆಗೆ ಬರುತ್ತದೆ. ಇದು ನಮ್ಮ ಮಕ್ಕಳಿಗೂ ಗೊತ್ತು. ಮಳೆ, ಎತ್ತರ ನೋಡಿ ಹಸಿರನ್ನು ಅಂದಾಜು ಮಾಡುವ ನನ್ನ ಮಾಡೆಲ್‌ಗೆ ಗೊತ್ತಿರಲಿಲ್ಲ. ಅದಕ್ಕೆ ಕಾಣುತ್ತಿದ್ದದ್ದು ಆಯಾ ಪಿಕ್ಸೆಲ್ ಮೇಲೆ ಬಿದ್ದ ಮಳೆ ಮಾತ್ರ.

ಆಫ್ರಿಕಾದಲ್ಲೂ ಇದೇ ಕಥೆ. ಸುಡಾನಿನ ಗೆಜೀರಾ ಬಯಲನ್ನು ನೋಡಿ. ಮಳೆ ಬೀಳುವುದು ಇಥಿಯೋಪಿಯಾದ ಎತ್ತರದ ನೆಲದಲ್ಲಿ. ನೀಲಿ ನೈಲ್ ಆ ನೀರನ್ನು ಕೆಳಗೆ ತರುತ್ತದೆ, 1925ರಲ್ಲಿ ಮುಗಿದ ಸೆನ್ನಾರ್ ಅಣೆಕಟ್ಟಿನಿಂದ ನಾಲೆಗೆ ಹರಿಯುತ್ತದೆ. ನಮ್ಮ ಕನ್ನಂಬಾಡಿ ಕಟ್ಟೆಯ ಕೆಲಸವೂ ಆಗ ನಡೆಯುತ್ತಿತ್ತು. ಇಂಥ ನೀರಾವರಿ ಜಾಗಗಳನ್ನೆಲ್ಲ ಮಾಸ್ಕ್ ಮಾಡಿ ಲೆಕ್ಕದಿಂದ ಹೊರಗಿಟ್ಟೆ.

ಬೋಟ್ಸ್ವಾನಾದ ಒಕವಾಂಗೋ ನದಿಯ ಜೌಗು ಬಯಲನ್ನು ಮಾತ್ರ ಹಾಗೆ ತೆಗೆದುಹಾಕಲು ಬರುವುದಿಲ್ಲ. ಅಲ್ಲಿಗೆ ನೀರು ತರುವುದು ನಾಲೆಯಲ್ಲ, ನದಿಯೇ. ಅಂಗೋಲಾದ ಎತ್ತರದಲ್ಲಿ ಬಿದ್ದ ಮಳೆ ನಿಧಾನವಾಗಿ ಹರಿದು ಜೂನ್‌ನಿಂದ ಆಗಸ್ಟ್ ಹೊತ್ತಿಗೆ ಅಲ್ಲಿ ಹರಡಿಕೊಳ್ಳುತ್ತದೆ. ಬೋಟ್ಸ್ವಾನಾಕ್ಕೆ ಅದು ಒಣಗಾಲ! ಅದಕ್ಕೇ ನೀರು ಹರಿಯುವ ದಾರಿಗಳ ನಕ್ಷೆಯಾದ ಮೆರಿಟ್ ಹೈಡ್ರೋ ಡೇಟಾದಿಂದ, ಪ್ರತಿ ಪಿಕ್ಸೆಲ್‌ಗೆ ಮೇಲಿನ ಎಷ್ಟು ವಿಸ್ತಾರದ ನೆಲದಿಂದ ನೀರು ಇಳಿದು ಬರುತ್ತದೆ ಎಂಬುದನ್ನೂ ಸೇರಿಸಿದೆ. ನನ್ನ ಮಟ್ಟಿಗೆ ಇಳಿಜಾರಿನ ಕೋನಕ್ಕಿಂತ ಈ ಅಂಕಿಯೇ ಮುಖ್ಯ.

ಮಳೆಯಲ್ಲೂ ವರ್ಷದ ಮೊತ್ತವೊಂದೇ ಸಾಲದು. ಕೀನ್ಯಾದ ಬಹುಭಾಗದಲ್ಲಿ ಮಾರ್ಚ್‌ನಿಂದ ಮೇವರೆಗೆ ಒಂದು ಮಳೆಗಾಲ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಂದು. ಸಹಾರಾ ಮರುಭೂಮಿಯ ದಕ್ಷಿಣದ ಅಂಚಿನ ಸಾಹೇಲ್‌ನಲ್ಲಿ ಮಳೆಯೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಆಸುಪಾಸಿನ ಕೆಲವೇ ತಿಂಗಳಲ್ಲಿ ಮುಗಿಯುತ್ತದೆ. ಮೈಸೂರಿಗೂ ಮೇಯಲ್ಲಿ ಒಮ್ಮೆ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಒಮ್ಮೆ ಮಳೆ ಜೋರಾಗುತ್ತದೆ. ಹಾಗಾಗಿ ತಿಂಗಳುವಾರು ಮಳೆ ಹಾಕಿದೆ. ಪರಿಸರ ವಿಜ್ಞಾನಿ ಮಹೇಶ್ ಶಂಕರನ್ ಮತ್ತು ಸಂಗಡಿಗರು 2005ರಲ್ಲಿ ಆಫ್ರಿಕಾದ 854 ಜಾಗಗಳನ್ನು ನೋಡಿ, ವರ್ಷಕ್ಕೆ ಸುಮಾರು 650 ಮಿ.ಮೀ.ಗಿಂತ ಕಡಿಮೆ ಮಳೆಯಿದ್ದರೆ ಮರಗಳು ಎಷ್ಟು ಹರಡಬಹುದೆಂದು ಮಳೆಯೇ ಮಿತಿ ಹಾಕುತ್ತದೆ ಎಂದಿದ್ದರು. ಅದಕ್ಕಿಂತ ಮೇಲೆ ಬೆಂಕಿ, ಮೇಯುವ ಪ್ರಾಣಿಗಳ ಕಾರುಬಾರು ಜೋರು. ಆದ್ದರಿಂದ ಮಳೆ ಜಾಸ್ತಿ ಇರುವ ಸವನ್ನಾದಲ್ಲಿ, ಅಂದರೆ ಹುಲ್ಲು, ಮರ ಬೆರೆತ ಬಯಲಿನಲ್ಲಿ, ನನ್ನ ಲೆಕ್ಕ ಸರಿಹೊಂದದಿದ್ದಾಗ ಆಶ್ಚರ್ಯವಾಗಲಿಲ್ಲ.

ಬೆಟ್ಟಗಳದ್ದು ಬೇರೆಯದೇ ತಲೆನೋವು. ಕಿಲಿಮಂಜಾರೋ 5,895 ಮೀಟರ್. ದಕ್ಷಿಣದ ಮಗ್ಗುಲಿಗೆ ಮಳೆ ಜಾಸ್ತಿ, ಉತ್ತರಕ್ಕೆ ಕಡಿಮೆ. ನಡುವೆ ಕಾಡು, ಇನ್ನೂ ಮೇಲೆ ಹೋದರೆ ಚಳಿಗೆ ಗಿಡಗಳೇ ಕಡಿಮೆ. ಮಳೆ ಡೇಟಾದ 5 ಕಿ.ಮೀ. ಪಿಕ್ಸೆಲ್‌ಗೆ ಸರಾಸರಿ ತೆಗೆದರೆ ಇದೆಲ್ಲ ಕಲಸಿಹೋಗುತ್ತದೆ. ಸರಾಸರಿ ಎತ್ತರದ ಜೊತೆಗೆ ಆ ಪಿಕ್ಸೆಲ್‌ನೊಳಗೆ ಎತ್ತರ ಎಷ್ಟು ಏರಿಳಿಯುತ್ತದೆ ಎಂಬುದನ್ನೂ ಇಟ್ಟುಕೊಳ್ಳಿ.

ಮಾಡೆಲ್ ಪರೀಕ್ಷಿಸಲು ಪಿಕ್ಸೆಲ್‌ಗಳನ್ನು ಸುಮ್ನೆ ಚೀಟಿ ಎತ್ತಿದ ಹಾಗೆ ಆರಿಸಬೇಡಿ. ಅಕ್ಕಪಕ್ಕದ ಪಿಕ್ಸೆಲ್‌ಗಳು ಒಂದೇ ಥರ ಇರುತ್ತವೆ. ಉತ್ತರ ಪತ್ರಿಕೆ ನೋಡಿಕೊಂಡೇ ಪರೀಕ್ಷೆ ಬರೆದಂತಾಗುತ್ತದೆ. ನಾನು ಖಂಡವನ್ನು ದೊಡ್ಡ ಚೌಕಗಳಾಗಿ ಒಡೆದು, ಕೆಲವು ಚೌಕಗಳನ್ನು ಪರೀಕ್ಷೆಗೆಂದೇ ಇಡಿಯಾಗಿ ಪಕ್ಕಕ್ಕಿಟ್ಟೆ. ಅಂದಾಜು ಎಷ್ಟು ಸರಿ ಎಂದು ಹೇಳುವ ಅಂಕ ಇಳಿಯಿತು. ನಂಬಬಹುದಾದ ಅಂಕ ಅದೇ.