ರಜೆಯ ಗದ್ದಲದಲ್ಲಿ ಸ್ಯಾನ್ ಡಿಯಾಗೋ ಸೀವರ್ಲ್ಡ್: ಹೊಸದಾಗಿ ಬಂದ ಕುಟುಂಬಗಳಿಗೆ

ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರ, ಥ್ಯಾಂಕ್ಸ್‌ಗಿವಿಂಗ್ ವಾರಾಂತ್ಯ (ನವೆಂಬರ್ ಕೊನೆ), ಮಾರ್ಚ್-ಏಪ್ರಿಲ್‌ನ ಸ್ಪ್ರಿಂಗ್ ಬ್ರೇಕ್, ಜುಲೈ ತಿಂಗಳು: ಸಮುದ್ರಜೀವಿಗಳ ಶೋ, ರೈಡ್‌ಗಳ ಪಾರ್ಕ್ ಆದ ಸೀವರ್ಲ್ಡ್ ಕಿಕ್ಕಿರಿದು ತುಂಬುವುದು ಈ ನಾಲ್ಕು ಹೊತ್ತಿನಲ್ಲಿ. ಮಕ್ಕಳಿಗೆ ಶಾಲೆ ರಜೆ ಸಿಗುವುದೂ ಆಗಲೇ ಆದ್ದರಿಂದ ನಮ್ಮವರು ಹೋಗುವುದೂ ಆಗಲೇ. ಜನಜಂಗುಳಿಯನ್ನು ತಪ್ಪಿಸಲಾಗದಿದ್ದರೂ ದಿನ ಹಾಳಾಗದಂತೆ ನೋಡಿಕೊಳ್ಳಬಹುದು. ಅದಕ್ಕೆ ಮುಖ್ಯವಾಗಿ ಬೇಕಾದದ್ದು ಇಷ್ಟೇ: ಶೋಗಳ ವೇಳಾಪಟ್ಟಿಯನ್ನು ಮೊದಲು ಹಿಡಿದು, ಉಳಿದದ್ದನ್ನೆಲ್ಲ ಅದರ ಸುತ್ತ ಜೋಡಿಸಿಕೊಳ್ಳುವುದು.

ಟಿಕೆಟ್ಟನ್ನು ಗೇಟಿನಲ್ಲಿ ಕೊಳ್ಳಬೇಡಿ. ಆನ್‌ಲೈನ್‌ನಲ್ಲಿ ಮುಂಚಿತವಾಗಿ ಕೊಂಡರೆ ದರ ಸಾಕಷ್ಟು ಕಡಿಮೆ. ಹೊಸಬರು ಸಿಕ್ಕಿಬೀಳುವುದು ಇಲ್ಲಿಯೇ. ಭಾರತದ ಕಾರ್ಡ್ ಬಳಸಿದರೆ ಓಟಿಪಿ ಊರಿನ ಸಿಮ್‌ಗೆ ಹೋಗುತ್ತದೆ, ಆ ಸಿಮ್ ರೋಮಿಂಗ್‌ನಲ್ಲಿ ಇಲ್ಲದಿದ್ದರೆ ಪಾವತಿ ಅರ್ಧಕ್ಕೇ ನಿಲ್ಲುತ್ತದೆ. ಇಲ್ಲಿನ ಕಾರ್ಡ್ ಆದರೆ ಬ್ಯಾಂಕಿನಲ್ಲಿ ಕೊಟ್ಟ ವಿಳಾಸದ ಜಿಪ್ ಕೋಡನ್ನೇ (ಇಲ್ಲಿನ ಪಿನ್ ಕೋಡ್) ಹಾಕಬೇಕು. ಮನೆ ಬದಲಿಸಿ ಬ್ಯಾಂಕಿಗೆ ತಿಳಿಸದಿದ್ದವರಿಗೆ ಕಾರ್ಡ್ ಪದೇ ಪದೇ ತಿರಸ್ಕೃತವಾಗುವುದು ಇದೇ ಕಾರಣಕ್ಕೆ. ಪಾರ್ಕಿಂಗ್ ಶುಲ್ಕ ಬೇರೆ. 3 ವರ್ಷ ತುಂಬದ ಮಕ್ಕಳಿಗೆ ಟಿಕೆಟ್ ಬೇಡ. ವರ್ಷದಲ್ಲಿ ಇನ್ನೊಮ್ಮೆ ಬರುವ ಯೋಚನೆ ಇದ್ದರೆ ವಾರ್ಷಿಕ ಪಾಸಿನ ದರವನ್ನೂ ಪಾರ್ಕಿಂಗ್ ಸೇರಿಸಿ ಲೆಕ್ಕ ಹಾಕಿ. ನಾಲ್ಕು ಜನರ ಕುಟುಂಬಕ್ಕೆ ಎಷ್ಟೋ ಸಲ ಪಾಸೇ ಲಾಭ. ಆದರೆ ಕೆಲವು ಪಾಸುಗಳು ಜನ ಹೆಚ್ಚಿರುವ ರಜಾದಿನಗಳಲ್ಲಿ ನಡೆಯುವುದಿಲ್ಲ, ಆ ದಿನಗಳ ಪಟ್ಟಿಯನ್ನು ಓದಿಯೇ ಹಣ ಕಟ್ಟಿ.

ಲಾಸ್ ಏಂಜಲೀಸ್‌ನಿಂದ ಸುಮಾರು 120 ಮೈಲಿ, ಇಂಟರ್‌ಸ್ಟೇಟ್ 5ರಲ್ಲಿ ನೇರ ದಾರಿ. ರಸ್ತೆ ಖಾಲಿ ಇದ್ದರೆ ಎರಡು ಗಂಟೆ. ರಜೆಯ ಬೆಳಗ್ಗೆ ಹಾಗಿರುವುದಿಲ್ಲ, ಹಿಂದಿನ ರಾತ್ರಿಯೇ ಬಂದು ತಂಗುವುದು ಒಳ್ಳೆಯದು. ಕಾರಿಲ್ಲದವರು ರೈಲಿನಲ್ಲಿ ಓಲ್ಡ್ ಟೌನ್ ನಿಲ್ದಾಣಕ್ಕೆ ಬಂದು ಅಲ್ಲಿಂದ 9ನೇ ನಂಬರಿನ ಸಿಟಿ ಬಸ್ ಹಿಡಿಯಬಹುದು. ಊಬರ್ ಕರೆಯುವವರು ಗಮನಿಸಿ: ಕ್ಯಾಲಿಫೋರ್ನಿಯಾ ಕಾನೂನಿನಂತೆ 8 ವರ್ಷದೊಳಗಿನ ಮಕ್ಕಳು ಹಿಂದಿನ ಸೀಟಿನಲ್ಲಿ, ಕಾರ್ ಸೀಟ್ ಅಥವಾ ಬೂಸ್ಟರ್‌ನಲ್ಲೇ ಕೂರಬೇಕು. 4 ಅಡಿ 9 ಅಂಗುಲ ಎತ್ತರ ದಾಟಿದವರಿಗೆ ಮಾತ್ರ ವಿನಾಯಿತಿ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತೇವೆ ಎಂದರೆ ಡ್ರೈವರ್ ಹತ್ತಿಸಿಕೊಳ್ಳುವುದಿಲ್ಲ, ಅದು ಸರಿಯೂ ಹೌದು.

ಗೇಟು ತೆರೆಯುವ 45 ನಿಮಿಷ ಮೊದಲು ಪಾರ್ಕಿಂಗ್‌ನಲ್ಲಿರಿ. ಕಾರು ನಿಲ್ಲಿಸಿದ ಸಾಲಿನ ಫಲಕದ ಫೋಟೋ ತೆಗೆದುಕೊಳ್ಳಿ, ಕತ್ತಲಾದ ಮೇಲೆ ಎಲ್ಲ ಸಾಲೂ ಒಂದೇ ಥರ ಕಾಣುತ್ತವೆ. ಬ್ಯಾಗ್ ತಪಾಸಣೆ ಮುಗಿದು ಒಳಗೆ ಕಾಲಿಟ್ಟ ತಕ್ಷಣ ಎಕ್ಸ್‌ಪ್ಲೋರರ್ಸ್ ರೀಫ್ ಸಿಗುತ್ತದೆ, ಮೀನು ಮುಟ್ಟುವ ಕೊಳಗಳು. ಮಕ್ಕಳು ಅಲ್ಲೇ ಅಂಟಿಕೊಳ್ಳುತ್ತಾರೆ, ಹಿಂದಿನಿಂದ ಬಂದವರೂ ಅಲ್ಲೇ ಗುಂಪುಗೂಡುತ್ತಾರೆ. ನೀವು ನಿಲ್ಲಬೇಡಿ. ಮಧ್ಯಾಹ್ನ ಮತ್ತೆ ಬರೋಣ ಎಂದು ಮಕ್ಕಳಿಗೆ ಮನೆಯಲ್ಲೇ ಹೇಳಿಟ್ಟಿರಿ. ಮೊದಲ ಒಂದು ಗಂಟೆಯಲ್ಲಿ ಕ್ಯೂ ಚಿಕ್ಕದಾಗಿರುತ್ತದೆ, ರೋಲರ್ ಕೋಸ್ಟರ್ ಹತ್ತುವವರು ಆಗಲೇ ಹತ್ತಿಬಿಡಬೇಕು.

ಯಾರು ಯಾವುದನ್ನು ಹತ್ತಬಹುದು ಎಂಬುದನ್ನು ಎತ್ತರ ನಿರ್ಧರಿಸುತ್ತದೆ, ವಯಸ್ಸಲ್ಲ. ನೀರಿನ ರೈಡ್‌ಗಳಾದ ಜರ್ನಿ ಟು ಅಟ್ಲಾಂಟಿಸ್ ಮತ್ತು ಶಿಪ್‌ರೆಕ್ ರ‍್ಯಾಪಿಡ್ಸ್‌ಗೆ 42 ಅಂಗುಲ, ಅಂದರೆ 107 ಸೆಂಟಿಮೀಟರ್. ರೋಲರ್ ಕೋಸ್ಟರ್‌ಗಳಲ್ಲಿ ಮ್ಯಾಂಟಾ ಮತ್ತು ಆರ್ಕ್ಟಿಕ್ ರೆಸ್ಕ್ಯೂಗೆ 48 ಅಂಗುಲ, ಎಂಪರರ್‌ಗೆ 52, ಎಲೆಕ್ಟ್ರಿಕ್ ಈಲ್‌ಗೆ 54 ಅಂಗುಲ, ಅಂದರೆ 137 ಸೆಂಟಿಮೀಟರ್. ಮನೆಯಲ್ಲೇ ಗೋಡೆಗೆ ನಿಲ್ಲಿಸಿ ಅಳೆದುಬಿಡಿ. ಒಂದು ಗಂಟೆ ಕ್ಯೂನಲ್ಲಿ ನಿಂತು ಕೊನೆಯಲ್ಲಿ ಅರ್ಧ ಅಂಗುಲ ಸಾಲದೆ ವಾಪಸ್ ಬರುವ ಮಗುವನ್ನು ಸಮಾಧಾನ ಮಾಡುವುದು ಕಷ್ಟ, ಸಿಬ್ಬಂದಿಯ ಹತ್ತಿರ ವಾದ ಮಾಡಿ ಪ್ರಯೋಜನವೂ ಇಲ್ಲ. ಚಿಕ್ಕ ಮಗು ಜೊತೆಗಿದ್ದರೆ ರೈಡ್ ಬಾಗಿಲಲ್ಲಿ ರೈಡರ್ ಸ್ವಾಪ್ ಕೇಳಿ. ಒಬ್ಬರು ಹೋಗಿ ಬರುವವರೆಗೆ ಇನ್ನೊಬ್ಬರು ಮಗುವನ್ನು ನೋಡಿಕೊಂಡು, ಆಮೇಲೆ ಪೂರ್ತಿ ಕ್ಯೂ ಮತ್ತೆ ನಿಲ್ಲದೆ ಹತ್ತುವ ವ್ಯವಸ್ಥೆ ಅದು. ದುಪಟ್ಟಾ, ಸೀರೆಯ ಸೆರಗು, ಉದ್ದನೆಯ ಸರ, ಸಡಿಲ ಚಪ್ಪಲಿ ಕೋಸ್ಟರ್‌ಗೆ ಹೊಂದುವುದಿಲ್ಲ. ಪ್ಯಾಂಟು, ಶೂ ಹಾಕಿಕೊಂಡು ಬನ್ನಿ, ಮಾಂಗಲ್ಯ ಅಂಗಿಯೊಳಗೆ ಇರಲಿ, ಕನ್ನಡಕಕ್ಕೆ ಹಿಂಬದಿಯ ಪಟ್ಟಿ ಇರಲಿ.

ಹೆಚ್ಚು ಹಣ ಕೊಟ್ಟು ಕ್ಯೂ ತಪ್ಪಿಸುವ ಕ್ವಿಕ್ ಕ್ಯೂ ಎಲ್ಲರಿಗೂ ಬೇಡ. ಮಕ್ಕಳು 48 ಅಂಗುಲ ದಾಟಿದ್ದು, ಕೋಸ್ಟರ್‌ಗಾಗಿಯೇ ಬಂದಿದ್ದರೆ ರಜೆಯ ದಿನ ಅದಕ್ಕೆ ಬೆಲೆ ಇದೆ. ಪುಟ್ಟ ಮಕ್ಕಳ ಕುಟುಂಬಕ್ಕೆ ಅದು ದಂಡ.

ಇನ್ನು ಶೋಗಳು. ಓರ್ಕಾ (ಕಿಲ್ಲರ್ ವೇಲ್), ಡಾಲ್ಫಿನ್, ಕಡಲಸಿಂಹ (ಸೀ ಲಯನ್), ಈ ಮೂರನ್ನು ನೋಡಿದರೆ ಸಾಕು, ಐದಾರಕ್ಕೆ ಆಸೆಪಟ್ಟರೆ ದಿನವಿಡೀ ಓಡಾಟವೇ ಆಗುತ್ತದೆ. ಆ ದಿನದ ವೇಳೆ ಪಾರ್ಕಿನ ಆ್ಯಪ್‌ನಲ್ಲಿ ಇರುತ್ತದೆ, ಬೆಳಗ್ಗೆಯೇ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಗದ್ದಲದ ದಿನ 30 ನಿಮಿಷ ಮುಂಚೆ ಹೋಗಿ ಕೂರಬೇಕು, ಸ್ಟೇಡಿಯಂ ತುಂಬಿದರೆ ಬಾಗಿಲು ಹಾಕುತ್ತಾರೆ. ದೊಡ್ಡ ಶೋ ನಡೆಯುವಾಗ ಸಾವಿರಾರು ಜನ ಒಂದೇ ಕಡೆ ಕೂತಿರುತ್ತಾರೆ, ಅಷ್ಟು ಹೊತ್ತು ರೈಡ್‌ಗಳ ಕ್ಯೂ ಸಣ್ಣಗಾಗುತ್ತದೆ. ಶೋ ಬಿಟ್ಟ ಹತ್ತು ನಿಮಿಷಕ್ಕೆ ಅಕ್ಕಪಕ್ಕದ ಶೌಚಾಲಯ, ಊಟದ ಕೌಂಟರ್ ಎಲ್ಲ ತುಂಬಿಬಿಡುತ್ತವೆ. ಆದ್ದರಿಂದ ಮಕ್ಕಳನ್ನು ಶೋಗೆ ಮೊದಲೇ ಶೌಚಕ್ಕೆ ಕರೆದೊಯ್ಯಿರಿ, ಊಟವನ್ನು 11 ಗಂಟೆಗೋ 2ರ ನಂತರವೋ ಇಟ್ಟುಕೊಳ್ಳಿ, ಬೆಳಗಿನ ಓರ್ಕಾ ಶೋ ಬಿಟ್ಟು ಎರಡನೆಯದಕ್ಕೆ ಹೋಗಿ.

ಸ್ಟೇಡಿಯಂನ ಮುಂದಿನ ಸಾಲುಗಳಲ್ಲಿ ನೀರು ಎರಚುವ ಜಾಗ ಎಂದು ಗುರುತು ಹಾಕಿರುತ್ತಾರೆ. ಎರಚುವುದೆಂದರೆ ನಾಲ್ಕು ಹನಿಯಲ್ಲ, ಅಡಿಯಿಂದ ಮುಡಿಯವರೆಗೆ ತೋಯಿಸುವ ತಣ್ಣನೆಯ ಉಪ್ಪುನೀರು. ಉಪ್ಪುನೀರು ಹೊಕ್ಕ ಫೋನ್ ಉಳಿಯುವುದು ಕಷ್ಟ, ಜಿಪ್ ಬ್ಯಾಗಿನಲ್ಲಿ ಹಾಕಿಡಿ. ಡಿಸೆಂಬರ್‌ನಲ್ಲಿ ಹಗಲು 18-19 ಡಿಗ್ರಿ ಸೆಲ್ಸಿಯಸ್ ಇದ್ದರೂ ಸಂಜೆ ಐದರೊಳಗೆ ಸೂರ್ಯ ಮುಳುಗಿ, ಪಕ್ಕದ ಮಿಷನ್ ಬೇ ಕೊಲ್ಲಿಯ ಕಡೆಯಿಂದ ಗಾಳಿ ಬೀಸಿ 10 ಡಿಗ್ರಿಗೆ ಇಳಿಯುತ್ತದೆ. ಒದ್ದೆ ಬಟ್ಟೆಯ ಮಗು ಆಗ ಗಡಗಡ ನಡುಗುತ್ತದೆ. ಒಬ್ಬೊಬ್ಬರಿಗೂ ಒಂದು ಜೊತೆ ಬಟ್ಟೆ, ಸಾಕ್ಸ್, ಟವೆಲ್ ಲಾಕರ್‌ನಲ್ಲಿಡಿ. ನೀರಿನ ರೈಡ್‌ಗಳನ್ನು 12ರಿಂದ 2ರೊಳಗೆ ಮುಗಿಸಿ.

ಓರ್ಕಾ ನೋಡಿದ ಮೇಲೆ ಮಕ್ಕಳು ಪ್ರಶ್ನೆ ಕೇಳುತ್ತಾರೆ, ಕೇಳಲೇಬೇಕು. 2016ರಲ್ಲಿ ಸೀವರ್ಲ್ಡ್ ಓರ್ಕಾಗಳ ಸಂತಾನೋತ್ಪತ್ತಿಯನ್ನು ನಿಲ್ಲಿಸಿತು. ಅದೇ ವರ್ಷ ಕ್ಯಾಲಿಫೋರ್ನಿಯಾ ಸರ್ಕಾರವೂ ಮನರಂಜನೆಗಾಗಿ ಅವುಗಳ ಪ್ರದರ್ಶನ ನಿಷೇಧಿಸುವ ಕಾನೂನು ತಂದಿತು. ಈಗಿರುವುದು ಶೈಕ್ಷಣಿಕ ಪ್ರದರ್ಶನ, ಈಗಿರುವ ಓರ್ಕಾಗಳೇ ಅಲ್ಲಿನ ಕೊನೆಯ ತಲೆಮಾರು. ಇದನ್ನು ಮೊದಲೇ ತಿಳಿಸಿ ಕರೆದೊಯ್ದರೆ ಅವರು ನೋಡುವ ಬಗೆಯೇ ಬೇರೆಯಾಗುತ್ತದೆ. ದಡಕ್ಕೆ ಬಿದ್ದ ಕಡಲಸಿಂಹದ ಮರಿಗಳನ್ನು ಆರೈಕೆ ಮಾಡಿ ಮತ್ತೆ ಸಮುದ್ರಕ್ಕೆ ಬಿಡುವ ಕೆಲಸವೂ ಇಲ್ಲಿ ನಡೆಯುತ್ತದೆ, ಅದರ ಬಗ್ಗೆ ಸಿಬ್ಬಂದಿಯನ್ನು ಕೇಳಲು ಮಕ್ಕಳನ್ನೇ ಮುಂದೆ ಬಿಡಿ.

ಊಟದ ಡಬ್ಬಿ, ಕೂಲರ್ ಒಳಗೆ ಬಿಡುವುದಿಲ್ಲ. ನೀರಿನ ಬಾಟಲಿ, ಸಣ್ಣ ತಿಂಡಿ, ಮಗುವಿನ ಆಹಾರಕ್ಕೆ ಅಡ್ಡಿಯಿಲ್ಲ, ಗಾಜಿನ ಬಾಟಲಿ ಮಾತ್ರ ಬೇಡ. ಪುಳಿಯೋಗರೆ, ಚಪಾತಿ-ಪಲ್ಯ ಕಾರಿನಲ್ಲೇ ಇರಲಿ. ಹೊರಗೆ ಹೋಗುವಾಗ ಅದೇ ದಿನ ಮತ್ತೆ ಒಳಬರಲು ಏನು ಬೇಕೆಂದು ಗೇಟಿನಲ್ಲಿ ಕೇಳಿಕೊಂಡು, ಕಾರಿನಲ್ಲಿ ಊಟ ಮಾಡಿ ಬನ್ನಿ. ಒಳಗೆ ಸಸ್ಯಾಹಾರಿಗಳಿಗೆ ಚೀಸ್ ಪಿಜ್ಜಾ, ಫ್ರೈಸ್, ಸಲಾಡ್ ಸಿಗುತ್ತದೆ. ಬೀನ್ಸ್‌ನಲ್ಲಿ ಹಂದಿಕೊಬ್ಬು, ಸೂಪಿನಲ್ಲಿ ಕೋಳಿಯ ಸಾರು ಇದೆಯೇ ಎಂದು ಕೇಳಿಯೇ ತೆಗೆದುಕೊಳ್ಳಿ. ವೆಜಿಟೇರಿಯನ್ ಎಂದರಷ್ಟೇ ಸಾಲದು, ಮಾಂಸ, ಮೀನು, ಮೊಟ್ಟೆ ಯಾವುದು ಬೇಡವೋ ಬಿಡಿಸಿ ಹೇಳಿ.

ಊರಿಂದ ಬಂದ ಅಪ್ಪ-ಅಮ್ಮ ಜೊತೆಗಿದ್ದರೆ ಗಾಲಿಕುರ್ಚಿಯನ್ನು ಬೆಳಗ್ಗೆಯೇ ಬಾಡಿಗೆಗೆ ಹಿಡಿಯಿರಿ, ಹೊತ್ತಾದರೆ ಖಾಲಿಯಾಗುತ್ತದೆ. ಮಂಡಿನೋವು ಒಪ್ಪಿಕೊಳ್ಳದ ಹಿರಿಯರಿಗೆ ದಿನದ ನಡಿಗೆ ಎಷ್ಟೆಂದು ಮೊದಲೇ ಹೇಳಿಬಿಡಿ. ಮಧ್ಯಾಹ್ನ ಅವರ ಜೊತೆ ಶಾರ್ಕ್ ಎನ್‌ಕೌಂಟರ್‌ನ ಗಾಜಿನಂಥ ಸುರಂಗ, ಪೆಂಗ್ವಿನ್ ಎನ್‌ಕೌಂಟರ್ ನೋಡುವುದು ಹಿತ. ಎರಡೂ ನೆರಳಿನವು, ನಿಧಾನಕ್ಕೆ ನೋಡುವಂಥವು. ಪೆಂಗ್ವಿನ್ ಜಾಗ ಚಳಿ, ಶಾಲು ಇರಲಿ.

ಮಕ್ಕಳು ಕೈತಪ್ಪಿದರೆ ಏನು ಮಾಡಬೇಕೆಂದು ಒಳಗೆ ಹೋಗುವ ಮುನ್ನವೇ ಮಾತಾಡಿ. ಬೆಳಗ್ಗೆ ಅವರ ಅಂದಿನ ಬಟ್ಟೆಯಲ್ಲೇ ಒಂದು ಫೋಟೋ ತೆಗೆದಿಡಿ. ಮೊಣಕೈ ಕೆಳಗೆ ಪೆನ್ನಿನಲ್ಲಿ ನಿಮ್ಮ ಅಮೆರಿಕದ ನಂಬರ್ ಬರೆಯಿರಿ, ಎಷ್ಟೋ ಮಕ್ಕಳಿಗೆ ಬಾಯಿಪಾಠ ಇರುವುದು ಊರಿನ ನಂಬರೇ. ಎದೆಯ ಮೇಲೆ ಹೆಸರಿನ ಬಿಲ್ಲೆ ಇರುವವರ ಹತ್ತಿರ ಮಾತ್ರ ಹೋಗಬೇಕೆಂದು ಕಲಿಸಿ. ದೊಡ್ಡ ಮಕ್ಕಳಿಗೆ ಸೇರುವ ಜಾಗವಾಗಿ ಸ್ಕೈಟವರ್ ಬುಡವನ್ನು ಗೊತ್ತುಮಾಡಿ. 320 ಅಡಿ ಎತ್ತರದ ಆ ಗೋಪುರ ಪಾರ್ಕಿನ ಯಾವ ಮೂಲೆಯಿಂದಲೂ ಕಾಣುತ್ತದೆ.

ರಾತ್ರಿ ಕೊನೆಯ ಶೋ ಬಿಟ್ಟಾಗ ಎಲ್ಲ ಕಾರುಗಳೂ ಒಟ್ಟಿಗೆ ಹೊರಡುತ್ತವೆ. ಕೊನೆಯ ಐದು ನಿಮಿಷ ಬಿಟ್ಟು ಏಳಲು ಮನಸ್ಸಿಲ್ಲದಿದ್ದರೆ ಅರ್ಧ ಗಂಟೆ ಕಾರಿನಲ್ಲೇ ಕೂತು ಮಕ್ಕಳ ಬಟ್ಟೆ ಬದಲಿಸಿ, ಉಳಿದ ಮೊಸರನ್ನ ತಿನ್ನಿಸಿ, ಆಮೇಲೆ ಹೊರಡಿ. ದೂರ ಓಡಿಸುವವರು ಮಧ್ಯಾಹ್ನ ಯಾವುದಾದರೂ ನೆರಳಿನಲ್ಲಿ ಅರ್ಧ ಗಂಟೆ ಕಣ್ಣು ಮುಚ್ಚಿರಬೇಕು, ಹಾಗಾಗದಿದ್ದರೆ ಆ ರಾತ್ರಿ ಸ್ಯಾನ್ ಡಿಯಾಗೋದಲ್ಲೇ ಉಳಿಯಿರಿ.